ಸೋಡಾ ಕುಡಿಸಿದವನಿಗೆ ಶಾಲು ಬೇಡ

ಮಾನ್ಯ ಮಾರುಕಟ್ಟೆ ಸುರಕ್ಷತಾ ಅಧಿಕಾರಿಗಳೇ,

ತಾವು ನನಗೆ ಸನ್ಮಾನ ಮಾಡಲು ಹೊರಟಿದ್ದೀರಿ. ಮಾಡಬೇಡಿ ಎಂದು ಹೇಳುವುದಕ್ಕೆ ಈ ಪತ್ರ. ಬರುವ ತಿಂಗಳು ಹದಿನಾಲ್ಕರಂದು ನಡೆಯಲಿರುವ ತಮ್ಮ ಸುರಕ್ಷತಾ ಸಪ್ತಾಹದ ಸಮಾರೋಪಕ್ಕೆ ಆಹ್ವಾನ ಪತ್ರಿಕೆ ಹೋದ ವಾರ ನನ್ನ ಕೈ ಸೇರಿತು. ಅದರ ಎರಡನೇ ಪುಟದಲ್ಲಿ ‘ಸಕಾಲದಲ್ಲಿ ಪ್ರಥಮ ಚಿಕಿತ್ಸೆ ನೀಡಿದ ವ್ಯಾಪಾರಿಗೆ ಗೌರವ ಸಮರ್ಪಣೆ’ ಎಂದು ಅಚ್ಚಾಗಿದೆ, ಕೆಳಗೆ ನನ್ನ ಹೆಸರಿದೆ. ನಾನು ಪ್ರಥಮ ಚಿಕಿತ್ಸೆ ನೀಡಿದ್ದು ನನ್ನ ಒಡಹುಟ್ಟಿದ ತಮ್ಮ ಮುನೇಶನಿಗೆ. ಮೂರನೇ ದಿನ ಅವನು ಸತ್ತ. ಸತ್ತದ್ದು ನಾನು ನೀಡಿದ ಆ ಪ್ರಥಮ ಚಿಕಿತ್ಸೆಯಿಂದಲೇ. ಇಷ್ಟು ತಿಳಿದ ಮೇಲೂ ಶಾಲು ಹೊದಿಸುವ ಮನಸ್ಸು ತಮಗಿದ್ದರೆ ಕೊನೆಯ ಪಕ್ಷ ಬಿಳಿ ಬಣ್ಣದ್ದನ್ನು ತರಿಸಿ, ಸಂದರ್ಭಕ್ಕೆ ಹೊಂದುತ್ತದೆ.

ನಾನು ಯಾರೆಂದು ತಮಗೆ ಗೊತ್ತು, ಇದನ್ನು ಓದುವ ಉಳಿದವರಿಗೆ ಗೊತ್ತಿರಲಿಕ್ಕಿಲ್ಲ. ಬಸವನಗುಡಿಗೂ ವಿಶ್ವೇಶ್ವರಪುರಂಗೂ ನಡುವೆ ಇರುವ ನಮ್ಮ ಹಳೇ ಮಾರುಕಟ್ಟೆಯಲ್ಲಿ ನನ್ನದು ತರಕಾರಿ ಅಂಗಡಿ, ಪಕ್ಕದ್ದು ಮುನೇಶನದು. ಇದ್ದ ಒಂದೇ ಮಳಿಗೆಗೆ ನಮ್ಮಪ್ಪ ನಡುವೆ ಹಲಗೆ ಹೊಡೆಸಿ ಇಬ್ಬರಿಗೂ ಹಂಚಿದ್ದ. ನನ್ನ ಕಡೆ ಹುರುಳಿಕಾಯಿ, ಕ್ಯಾರೆಟ್ಟು. ಅವನ ಕಡೆ ಕುಂಬಳ, ಸೋರೆ, ಸೀಮೆಬದನೆ. ಇಪ್ಪತ್ತೆರಡು ವರ್ಷದಿಂದ ವ್ಯಾಪಾರಿಗಳ ಸಂಘಕ್ಕೆ ನಾನೇ ಕಾರ್ಯದರ್ಶಿ. ಅದೇನು ನನ್ನ ಯೋಗ್ಯತೆ ನೋಡಿ ಕೊಟ್ಟದ್ದಲ್ಲ, ಇಡೀ ಮಾರುಕಟ್ಟೆಯಲ್ಲಿ ತಪ್ಪಿಲ್ಲದೆ ಅರ್ಜಿ ಬರೆಯಲು ಬರುವವನು ನಾನೊಬ್ಬ. ಚಾವಣಿ ಸೋರುತ್ತಿದೆ, ಮೋರಿ ಕಟ್ಟಿಕೊಂಡಿದೆ, ಹಿಂದಿನ ಗೇಟಿಗೆ ದೀಪವಿಲ್ಲ ಎಂದು ನಾನು ತಮ್ಮ ಕಚೇರಿಗೆ ‘ಸವಿನಯ ಪ್ರಾರ್ಥನೆ’ಗಳನ್ನು ಬರೆಯುತ್ತಲೇ ಬಂದೆ. ಪ್ರತಿಯೊಂದಕ್ಕೂ ಸ್ವೀಕೃತಿಯ ಮುದ್ರೆ ಸಿಕ್ಕಿದೆ. ಯಾವುದಕ್ಕೂ ಉತ್ತರ ಸಿಕ್ಕಿಲ್ಲವಾದ್ದರಿಂದ ಈ ಸಲ ವಿನಯವನ್ನು ಬದಿಗಿಟ್ಟು, ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತಿನ ಅರ್ಥ ಕೇಳಬೇಕಾಗಿದೆ. ಪ್ರಥಮ ಚಿಕಿತ್ಸೆ ಎಂದರೇನು ಸ್ವಾಮಿ? ಈ ಊರಿನಲ್ಲಿ ಆ ಮಾತು ಕಿವಿಗೆ ಬೀಳದ ದಿನವಿಲ್ಲ. ಶಾಲೆಯಲ್ಲಿ ಮಗು ಬಿದ್ದು ಹಲ್ಲು ಮುರಿದುಕೊಂಡರೆ “ಫಸ್ಟ್ ಏಡ್ ಮಾಡಿದೀವಿ, ಬಂದು ಕರ್ಕೊಂಡೋಗಿ” ಎಂದು ಫೋನು ಬರುತ್ತದೆ. ಓಡಿಹೋಗಿ ನೋಡಿದರೆ ಬಾಯಿ ಮುಕ್ಕಳಿಸಿ ಬೆಂಚಿನ ಮೇಲೆ ಕೂರಿಸಿರುತ್ತಾರೆ, ಅಷ್ಟೆ. ನರ್ಸಿಂಗ್ ಹೋಮಿನವರು “ಫಸ್ಟ್ ಏಡ್ ಕೊಟ್ಟಿದೀವಿ, ದೊಡ್ಡಾಸ್ಪತ್ರೆಗೆ ಹೋಗ್ಬಿಡಿ” ಎಂದರೆ, ಸಾಯುವುದಿದ್ದರೆ ನಮ್ಮ ಮೆಟ್ಟಿಲ ಮೇಲೆ ಸಾಯಬೇಡಿ ಎಂದು ತಿಳಿಯಬೇಕು. ಬಸ್ಸಿನಲ್ಲಿ ಅದು ಚಾಲಕನ ತಲೆಯ ಮೇಲಿರುವ ಡಬ್ಬಿ, ಒಳಗೆ ಚಾಲಕನ ಬಾಚಣಿಗೆ ಇರುತ್ತದೆ. ನಮ್ಮ ಮನೆಗಳಲ್ಲಿ ಕೊಯ್ದ ಬೆರಳಿಗೆ ಕಾಫಿಪುಡಿ ಮೆತ್ತುತ್ತೇವೆ, ಸುಟ್ಟ ಕೈಗೆ ಟೂತ್‌ಪೇಸ್ಟು ಬಳಿಯುತ್ತೇವೆ, ಫಿಟ್ಸ್ ಬಂದವನ ಮುಷ್ಟಿಗೆ ಕಬ್ಬಿಣದ ಬೀಗದ ಕೈ ತುರುಕುತ್ತೇವೆ. ಇದೆಲ್ಲಕ್ಕೂ ಹೆಸರು ಪ್ರಥಮ ಚಿಕಿತ್ಸೆಯೇ.

ನಮ್ಮ ಮಾರುಕಟ್ಟೆಯಲ್ಲಿ ಮಾತ್ರ ಅದಕ್ಕೆ ಸೋಡಾ ಎಂದು ಅರ್ಥ. ಮುಂದಿನ ಗೇಟಿನ ಪಕ್ಕದಲ್ಲೇ ಸೋಡಾ ಅಂಗಡಿ ಇದೆ. ಯಾರು ಬಿದ್ದರೂ, ಯಾಕೆ ಬಿದ್ದರೂ, ಮೊದಲು ಒಂದು ಸೋಡಾ ಒಡೆಸಿ ಅರ್ಧ ಮುಖಕ್ಕೆ ಎರಚುವುದು, ಅರ್ಧ ಬಾಯಿಗೆ ಹುಯ್ಯುವುದು ನಮ್ಮಪ್ಪನ ಕಾಲದಿಂದ ಬಂದ ಪದ್ಧತಿ. ಮೂಟೆ ಹೊರುವವರು ಬಿಸಿಲಿಗೆ ತಲೆ ತಿರುಗಿ ಬೀಳುತ್ತಿದ್ದರು, ನಾವು ಸೋಡಾ ಹುಯ್ಯುತ್ತಿದ್ದೆವು, ಅವರು ಎದ್ದು ಕೂರುತ್ತಿದ್ದರು. ಸುಮ್ಮನೆ ಬಿಟ್ಟಿದ್ದರೂ ಏಳುತ್ತಿದ್ದ ಜನ ಅವರು. ಎಬ್ಬಿಸಿದ ಕೀರ್ತಿ ಸೋಡಾಗೆ ಬಂತು. ನಾನೇ ಹತ್ತು ಹನ್ನೆರಡು ಜನಕ್ಕೆ ಕುಡಿಸಿರಬೇಕು, ಯಾರೂ ಸಾಯಲಿಲ್ಲ. ಇಂಥ ದಡ್ಡತನವನ್ನು ತಪ್ಪೆಂದು ಹೇಳಿಕೊಡುವುದಕ್ಕಾಗಿಯೇ ತಮ್ಮಂಥವರಿಗೆ ಕುರ್ಚಿ, ಕಾರು, ಕಾರಿನ ಮೇಲೆ ಒಂದು ಫಲಕ ಕೊಟ್ಟಿದ್ದಾರೆ ಎಂದು ನಾನು ನಂಬಿದ್ದೆ. ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಹೇಳಿಕೊಡಲು ತಾವು ಬಂದೇ ಬಂದಿರಿ.

ಫೆಬ್ರುವರಿಯ ಆ ಶಿಬಿರ ತಮಗೆ ನೆನಪಿರಬೇಕು. ಮಾರುಕಟ್ಟೆಯ ಅಂಗಳದಲ್ಲಿ ಶಾಮಿಯಾನ, ಅಡ್ಡಕ್ಕೆ ಬ್ಯಾನರು, ಬ್ಯಾನರಿನಲ್ಲಿ ತಮ್ಮ ಮುಖ ದೊಡ್ಡದು, ಪ್ರಥಮ ಚಿಕಿತ್ಸೆಯ ಕೆಂಪು ಗುರುತು ಚಿಕ್ಕದು. ಮೂರು ಗಂಟೆಗೆ ಆರಂಭ ಎಂದಿತ್ತು. ಮುಖ್ಯ ಅತಿಥಿಗಳು ಬಂದದ್ದು ನಾಲ್ಕೂ ಇಪ್ಪತ್ತಕ್ಕೆ. ಪ್ರಾರ್ಥನೆಯಾಯಿತು, ಸ್ವಾಗತವಾಯಿತು, ದೀಪ ಬೆಳಗಿದ್ದಾಯಿತು. ಅತಿಥಿಗಳು ತಾವು ಬಾಲ್ಯದಲ್ಲಿ ಪಟ್ಟ ಕಷ್ಟವನ್ನು ಮೂವತ್ತೈದು ನಿಮಿಷ ವಿವರಿಸಿದರು. ಅವರ ಬಾಲ್ಯಕ್ಕೆ ಯಾರಾದರೂ ಸಕಾಲದಲ್ಲಿ ಚಿಕಿತ್ಸೆ ಕೊಟ್ಟಿದ್ದರೆ ನಮಗಿಷ್ಟು ತೊಂದರೆಯಾಗುತ್ತಿರಲಿಲ್ಲ. ವೇದಿಕೆಯ ಮೂಲೆಯಲ್ಲಿ ಕಲಿಸಲು ಬಂದಿದ್ದ ಹೆಣ್ಣುಮಗಳು ಕೂತಿದ್ದರು. ತೊಡೆಯ ಮೇಲೆ ಕಪ್ಪು ಚೀಲ, ಅದರೊಳಗೆ ಮನುಷ್ಯನ ತಲೆಯಿಂದ ಸೊಂಟದವರೆಗಿನ ರಬ್ಬರು ಗೊಂಬೆ. ಎರಡು ಗಂಟೆ ಆಕೆ ಅದನ್ನು ಹಾಗೇ ತಬ್ಬಿಕೊಂಡು ಕೂತಿದ್ದರು.

ಐದು ಗಂಟೆಗೆ ಸಂಜೆ ವ್ಯಾಪಾರ ಶುರುವಾಗುತ್ತದೆ. ಕೇಸರಿಬಾತು ತಿಂದು ಜನ ಒಬ್ಬೊಬ್ಬರಾಗಿ ಏಳತೊಡಗಿದರು. ಆಗ ತಾವು ಆ ತಾಯಿಯ ಹತ್ತಿರ ಹೋಗಿ “ಮೇಡಂ, ಐದ್ ನಿಮಿಷದಲ್ಲಿ ಮುಗಿಸ್ಬಿಡಿ” ಎಂದಿರಿ. ನಾನು ಮೈಕು ಹಿಡಿದು ಅಲ್ಲೇ ನಿಂತಿದ್ದೆ. ಆಕೆ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ: “ಆಗಲ್ಲ ಸರ್. ಬಿದ್ದೋರನ್ನ ಹೇಗೆ ಮಲಗಿಸ್ಬೇಕು ಅಂತ ತೋರ್ಸೋಕೇ ಹತ್ತು ನಿಮಿಷ ಬೇಕು.” ತಾವು “ಅದೆಲ್ಲ ಆಮೇಲೆ ನೋಡೋಣ, ಈಗ ಒಂದು ಫೋಟೋ ಬೇಕು” ಎಂದಿರಿ. ಈರುಳ್ಳಿ ಮಂಡಿಯ ದೀಪಕನ ಕೈ ಹಿಡಿದೆಳೆದು, ಏನೂ ಆಗದ ಆ ಗಟ್ಟಿ ತೋಳಿಗೆ ಬ್ಯಾಂಡೇಜು ಸುತ್ತಿಸಿದಿರಿ. ಮುಖ್ಯ ಅತಿಥಿಗಳು ಬ್ಯಾಂಡೇಜಿನ ಒಂದು ತುದಿ ಹಿಡಿದರು, ತಾವು ಇನ್ನೊಂದು ತುದಿ. ಫೋಟೋ ಚೆನ್ನಾಗಿ ಬಂದಿದೆ. ಆ ಹತ್ತು ನಿಮಿಷವನ್ನು ತಾವು ಕೊಟ್ಟಿದ್ದರೆ ಇವತ್ತು ನನ್ನ ತಮ್ಮ ಬದುಕಿರುತ್ತಿದ್ದ. ಇದು ಸಿಟ್ಟಿನಲ್ಲಿ ಆಡಿದ ಮಾತಲ್ಲ, ಆಮೇಲೆ ಡಾಕ್ಟರು ಹೇಳಿದ ಲೆಕ್ಕ.

ಕೂತಿದ್ದವರು ಮೂವತ್ತೊಂದು ಜನ. ಅವೆನ್ಯೂ ರಸ್ತೆಯಲ್ಲಿ ಚಿನ್ನದಂಚು ಹಾಕಿಸಿ, ಹೆಸರು ಸಮೇತ ಮೊದಲೇ ಅಚ್ಚು ಮಾಡಿಸಿ ತಂದಿದ್ದ ಪ್ರಮಾಣಪತ್ರಗಳು ಎಂಬತ್ತಾರು. ಕಲಿಯುವ ಮೊದಲೇ ತೇರ್ಗಡೆಯಾಗಿದ್ದೆವು. ಬಾರದವರ ಸಹಿ ಬೇಕಾಗಿತ್ತು. ತಾವು ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದಿರಿ: “ಗಂಗಪ್ಪನೋರೇ, ಲೈಸೆನ್ಸ್ ರಿನ್ಯೂವಲ್‌ಗೆ ಇದು ಕಂಪಲ್ಸರಿ ಆಗ್ತಾ ಇದೆ. ಬಂದಿಲ್ದೇ ಇರೋರು ಸುಮ್ನೆ ಸಿಕ್ಕಾಕೊಳ್ತಾರೆ. ನಾಳೆ ಬೆಳಿಗ್ಗೆ ಒಳ್ಗೆ ಎಲ್ರದ್ದೂ ಸೈನ್ ಮಾಡಿಸ್ಕೊಂಡ್ ಬಂದ್ಬಿಡಿ.” ನಾನೇನು ಮಾಡಿದೆ ಗೊತ್ತೇ? ತಮಗೆ ಕೈ ಮುಗಿದೆ. ನಮ್ಮ ಜನಕ್ಕೆ ಎಂಥ ಉಪಕಾರ ಮಾಡಿದಿರಿ ಸಾರ್ ಎಂದೆ. ಅವತ್ತು ಆಡಿದ ಆ ಮಾತಿಗೆ ಇವತ್ತು ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮಾರನೇ ದಿನ ಹಾಜರಾತಿ ಹಾಳೆ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋದೆ. ಮುನೇಶ ಸೋರೆಕಾಯಿ ಜೋಡಿಸುತ್ತಿದ್ದ.

“ಏನಣ್ಣ ಇದು?”

“ನಿನ್ನೆ ಕ್ಯಾಂಪಿಂದು. ಸೈನ್ ಹಾಕು.”

“ನಾನು ಬಂದೇ ಇಲ್ವಲ್ಲ. ಏನ್ ಹೇಳ್ಕೊಟ್ರು?”

“ಕೇಸರಿಬಾತ್ ಚೆನ್ನಾಗಿತ್ತು. ಹಾಕು ಬೇಗ, ಇನ್ನೂ ಐವತ್ತು ಜನ ಅವ್ರೆ.”

“ಕಲೀದೇ ಹೆಂಗಣ್ಣ ಹಾಕೋದು? ನಾಳೆ ಯಾರಾದ್ರೂ ಬಿದ್ರೆ ನನ್ನೇ ಕರೀತಾರೆ, ಸರ್ಟಿಫಿಕೇಟ್ ಐತಲ್ಲ ಅಂತ.”

“ಬಿದ್ರೆ ಸೋಡಾ ಕುಡ್ಸು.”

ಇಬ್ಬರೂ ನಕ್ಕೆವು. ಅವನು ಪ್ಯಾಂಟಿಗೆ ಕೈ ಒರೆಸಿಕೊಂಡು, ತಕ್ಕಡಿಯ ಮೇಲೆ ಹಾಳೆ ಇಟ್ಟು ಸಹಿ ಹಾಕಿದ. ಕ್ರಮಸಂಖ್ಯೆ ನಲವತ್ತೇಳು. ಅಣ್ಣ ಹೇಳಿದ ಎಂದು ಹಾಕಿದ ಸಹಿ ಅದು, ಬೇರೆ ಯಾವ ಕಾರಣವೂ ಅವನಿಗಿರಲಿಲ್ಲ.

ಏಪ್ರಿಲ್ ಎರಡನೇ ವಾರ, ಬೆಳಿಗ್ಗೆ ಎಂಟೂಕಾಲು. ಗಿರಾಕಿಯೊಬ್ಬರಿಗೆ ಕುಂಬಳಕಾಯಿ ಹೆಚ್ಚಿ ಕೊಡುತ್ತಿದ್ದ ಮುನೇಶ ಕತ್ತಿ ಕೈಬಿಟ್ಟು ಹಾಗೇ ಕುಸಿದ. ಹುಬ್ಬಿಗೆ ನೆಲದ ಕಲ್ಲು ತಾಗಿ ಚರ್ಮ ಕಿತ್ತುಬಂತು. ಕೈಕಾಲು ಸೆಟೆದು ಅದುರತೊಡಗಿದವು. ಐವತ್ತೆರಡು ವರ್ಷದಲ್ಲಿ ಅವನಿಗೆ ಒಮ್ಮೆಯೂ ಫಿಟ್ಸ್ ಬಂದಿರಲಿಲ್ಲ. ಎದುರಿನ ಸೊಪ್ಪಿನ ಅಂಗಡಿಯ ಪಿಳ್ಳಮ್ಮ “ಯಾರಾದ್ರೂ ಮುನಿಗಂಗಣ್ಣನ್ನ ಕರೀರಿ, ಅವ್ರು ಟ್ರೈನಿಂಗ್ ತಗಂಡವ್ರೆ” ಎಂದು ಕೂಗಿದಳು. ಕರೆಯಬೇಕಾಗಿರಲಿಲ್ಲ, ನಾನು ಹಲಗೆಯ ಈಚೆಯೇ ಇದ್ದೆ. ಜನ ಮುತ್ತಿಕೊಂಡರು. ಗಾಳಿ ಬಿಡಿ, ಗಾಳಿ ಬಿಡಿ ಎನ್ನುತ್ತಾ ಇನ್ನೂ ಹತ್ತಿರಕ್ಕೆ ಬಂದರು. ನಾನು ಅಂಗಡಿಯ ಬೀಗದ ಕೈ ತೆಗೆದು ಅವನ ಮುಷ್ಟಿಗೆ ಇಟ್ಟು ಅದುಮಿ ಹಿಡಿದೆ.

ತರಕಾರಿಗೆ ಬಂದಿದ್ದ ಒಬ್ಬ ಹುಡುಗಿ ಗುಂಪಿನ ನಡುವೆ ತೂರಿ ಬಂದಳು. ಗಗನಾ ಎಂದು ಅವಳ ಹೆಸರು, ಆಮೇಲೆ ತಿಳಿಯಿತು. “ಅಂಕಲ್, ಬಾಯಿಗೆ ಏನೂ ಹಾಕ್ಬೇಡಿ. ನಡುಕ ನಿಂತ ಮೇಲೆ ಒಂದು ಮಗ್ಗುಲಿಗೆ ತಿರುಗ್ಸಿ, ಸಾಕು” ಎಂದಳು. ಕಾಲೇಜಿನಲ್ಲಿ ಅವಳಿಗೆ ಕಲಿಸಿದ್ದರಂತೆ, ನಿಜವಾಗಿ ಕಲಿಸಿದ್ದರಂತೆ. ಆಗ ತಮ್ಮ ಇಲಾಖೆಯ ಮೇಲ್ವಿಚಾರಕ ವಿಶ್ವಾರಾಧ್ಯ ಅವಳಿಗೆ ಅಡ್ಡ ಕೈ ಹಿಡಿದು “ನೀವ್ ಸುಮ್ನಿರಮ್ಮ, ಅವ್ರು ಸರ್ಟಿಫೈಡು” ಎಂದರು. ಅವಳು ಮತ್ತೆ ಏನೋ ಹೇಳಲು ಬಂದಳು. ಈ ಸಲ ಬಾಯಿ ಮುಚ್ಚಿಸಿದವನು ನಾನು. “ನಮ್ಗೆ ಗೊತ್ತೈತೆ ಬಿಡಮ್ಮ” ಎಂದೆ.

ಅಧಿಕಾರಿಗಳೇ, ಇಲ್ಲಿ ಸ್ವಲ್ಪ ನಿಲ್ಲಿ. ತಮ್ಮ ಪ್ರಮಾಣಪತ್ರ ಬರೀ ಉಪಯೋಗಕ್ಕೆ ಬಾರದ ಕಾಗದವಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನಮ್ಮ ಮಾರುಕಟ್ಟೆಗೆ ತಮ್ಮಿಂದ ಬಂದ ಉಪಯೋಗಕ್ಕೆ ಬಾರದ ವಸ್ತುಗಳು ಬೇಕಾದಷ್ಟಿವೆ. ನಡುಗಂಬಕ್ಕೆ ತೂಗುಹಾಕಿದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಸಾಮಾನು ಕಳುವಾಗುತ್ತದೆಂದು ಅದಕ್ಕೆ ಬೀಗ, ಬೀಗದ ಕೈ ಕಾಟನ್‌ಪೇಟೆಯಲ್ಲಿ ವಿಶ್ವಾರಾಧ್ಯರ ಮನೆಯ ಮೊಳೆಯಲ್ಲಿ. ವರ್ಷಕ್ಕೊಮ್ಮೆ ಆಯುಧಪೂಜೆಗೆ ನಾವು ಅದಕ್ಕೂ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತುತ್ತೇವೆ, ಹೇಗೂ ದೇವರಂತೆ ಬಾಗಿಲು ಹಾಕಿಕೊಂಡೇ ಇರುತ್ತದಲ್ಲ ಎಂದು. ಆ ಪೆಟ್ಟಿಗೆ ಯಾರನ್ನೂ ಕೊಲ್ಲಲಿಲ್ಲ. ಈ ಕಾಗದ ಹಾಗಲ್ಲ. ಗೊತ್ತಿದ್ದವಳು ಅಲ್ಲೇ ನಿಂತಿದ್ದಳು, ಮೂರು ಮಾರು ದೂರದಲ್ಲಿ. ಆ ಕಾಗದ ಇಲ್ಲದಿದ್ದರೆ ಅವಳ ಮಾತು ನಡೆಯುತ್ತಿತ್ತು. ಗೊತ್ತಿಲ್ಲದವನ ಕೈಗೆ ತಾವು ಅಧಿಕಾರ ಕೊಟ್ಟಿರಿ, ಅವನು ಅದನ್ನು ಗೊತ್ತಿದ್ದವಳ ಮೇಲೆ ಚಲಾಯಿಸಿದ. ತಮ್ಮ ಕಚೇರಿಯಲ್ಲಿ ದಿನಾ ನಡೆಯುವುದೇ ಅದಲ್ಲವೇ, ಆದ್ದರಿಂದ ತಮಗೆ ವಿಶೇಷವೆನಿಸಲಿಕ್ಕಿಲ್ಲ.

ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಮುನೇಶ ಪ್ರಜ್ಞೆಯಿಲ್ಲದೆ, ಬಾಯಿ ಅರ್ಧ ತೆರೆದು ಬಿದ್ದಿದ್ದ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಲ್ಲ ಮೇಲಕ್ಕೆತ್ತಿ, ಯಾರೋ ಗೇಟಿನಿಂದ ಒಡೆಸಿ ತಂದಿದ್ದ ಸೋಡಾ ಹುಯ್ದೆ. ಬುರುಬುರು ಎಂದು ಮೂಗಿನಿಂದ ಆಚೆ ಬಂತು. ಅವನು ಕೆಮ್ಮಿದ. ಸುತ್ತಲಿದ್ದವರು “ಬಂತು, ಬಂತು, ಜ್ಞಾನ ಬಂತು” ಎಂದರು. ನನಗೆ ಹುರುಪು ಬಂತು. ಇನ್ನೊಂದು ಗುಟುಕು ಹುಯ್ದೆ.

ಮುಖ ಸೀಸದ ಬಣ್ಣಕ್ಕೆ ತಿರುಗಿದಾಗ ಆಟೋಗೆ ಹಾಕಿಕೊಂಡು ಓಡಿದೆವು. ಮೊದಲು ಸಿಕ್ಕ ನರ್ಸಿಂಗ್ ಹೋಮಿನವರು ಹುಬ್ಬಿನ ಗಾಯಕ್ಕೆ ಹತ್ತಿ ಅಂಟಿಸಿ, ಚೀಟಿಯಲ್ಲಿ ‘ಪ್ರಥಮ ಚಿಕಿತ್ಸೆ ನೀಡಲಾಗಿದೆ’ ಎಂದು ಬರೆದು ಮುಂದಕ್ಕೆ ಸಾಗಹಾಕಿದರು. ಉಸಿರು ಕಟ್ಟುತ್ತಿರುವವನ ಹುಬ್ಬಿಗೆ ಹತ್ತಿ. ದೊಡ್ಡಾಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿದರು. ಸಂಜೆ ಡಾಕ್ಟರಮ್ಮ ಹೊರಗೆ ಬಂದು, ಬಿದ್ದಾಗ ಬಾಯಿಗೆ ಏನಾದರೂ ಹಾಕಿದ್ರಾ ಎಂದು ಕೇಳಿದರು. ಸೋಡಾ ಎಂದೆ. ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಜ್ಞಾನ ಇಲ್ದೇ ಇರೋರಿಗೆ ನುಂಗೋಕಾಗಲ್ಲ. ಎಲ್ಲಾ ಶ್ವಾಸಕೋಶಕ್ಕೆ ಹೋಗಿದೆ. ಫಿಟ್ಸು ತಾನಾಗೇ ನಿಂತಿತ್ತಲ್ಲ, ಹತ್ತು ನಿಮಿಷ ಮಗ್ಗುಲಾಗಿ ಮಲಗಿಸಿದ್ರೆ ಬಹುಶಃ ಎದ್ದು ಕೂತಿರೋರು” ಎಂದರು.

“ನಾನು ಫಸ್ಟ್ ಏಡ್ ಅಂದ್ಕೊಂಡು ಮಾಡ್ದೆ ಡಾಕ್ಟ್ರೇ” ಎಂದೆ.

“ಫಸ್ಟ್ ಏಡ್ ಅಂದ್ರೆ ಏನೋ ಒಂದು ಮಾಡೋದು ಅಂತ ಅಂದ್ಕೊಂಡಿದೀರಿ ಎಲ್ರೂ. ನಾವು ಸಿಗೋವರೆಗೂ ಇನ್ನಷ್ಟು ಕೆಡದ ಹಾಗೆ ನೋಡ್ಕೊಳೋದು, ಅಷ್ಟೇ ಅದು” ಎಂದು ಹೇಳಿ ಒಳಗೆ ಹೋದರು. ಅರವತ್ತೊಂದು ವರ್ಷದಲ್ಲಿ ಆ ಮಾತಿನ ಅರ್ಥವನ್ನು ನನಗೆ ಹೇಳಿಕೊಟ್ಟ ಮೊದಲನೆಯವರು ಆಕೆ. ಪ್ರಮಾಣಪತ್ರ ಕೊಡಲಿಲ್ಲ. ಮುನೇಶ ಮೂರನೇ ದಿನ ಮಧ್ಯಾಹ್ನ ಹೋದ.

ಪತ್ರಿಕೆಯಲ್ಲಿ ಎರಡು ಸಾಲಿನ ಸುದ್ದಿ ಬಂತು. ತಕ್ಷಣ ತಮ್ಮ ಕಚೇರಿಗೆ ಜೀವ ಬಂತು. ವಿಚಾರಣೆಯಾಯಿತು, ನನ್ನನ್ನು ಕೇಳದೆಯೇ ಆಯಿತು. ತಮ್ಮ ವರದಿಯ ಪ್ರತಿಯನ್ನು ಅರ್ಜಿ ಹಾಕಿ ತರಿಸಿಕೊಂಡಿದ್ದೇನೆ. ‘ಘಟನಾ ಸ್ಥಳದಲ್ಲಿ ಇಲಾಖೆಯಿಂದ ತರಬೇತಿ ಹೊಂದಿದ ಪ್ರಮಾಣಿತ ವ್ಯಾಪಾರಿಯು ಹಾಜರಿದ್ದು, ಕೂಡಲೇ ಪ್ರಥಮ ಚಿಕಿತ್ಸೆ ನೀಡಿರುತ್ತಾರೆ. ಆದಾಗ್ಯೂ ವಿಧಿವಶಾತ್ ಸದರಿಯವರು ಮೃತಪಟ್ಟಿದ್ದು, ಇಲಾಖೆಯ ಯಾವುದೇ ಲೋಪ ಕಂಡುಬಂದಿರುವುದಿಲ್ಲ.’ ವಿಧಿ ಎಂಬ ಪದವನ್ನು ಎಷ್ಟು ಸಲೀಸಾಗಿ ಬಳಸಿದ್ದೀರಿ. ವಿಧಿಗೆ ಕಚೇರಿ ಇಲ್ಲ, ಸಹಿ ಇಲ್ಲ, ನಿವೃತ್ತಿ ಇಲ್ಲ. ಅದರ ಮೇಲೆ ಏನು ಹೊರಿಸಿದರೂ ಸುಮ್ಮನಿರುತ್ತದೆ. ಅಷ್ಟಕ್ಕೇ ಬಿಟ್ಟಿದ್ದರೂ ನಾನು ತಡೆದುಕೊಳ್ಳುತ್ತಿದ್ದೆನೇನೋ. ವರ್ಷದ ಸಾಧನೆಯ ಪಟ್ಟಿಯಲ್ಲಿ ‘ತರಬೇತಿ ಪಡೆದವರಿಂದ ಪ್ರಥಮ ಚಿಕಿತ್ಸೆ ನೀಡಲ್ಪಟ್ಟ ಪ್ರಕರಣಗಳು’ ಎಂಬ ಕಡೆ ‘ಒಂದು’ ಎಂದು ತುಂಬಿದ್ದೀರಿ. ನನ್ನ ತಮ್ಮ ತಮ್ಮ ಸಾಧನೆಯಾಗಿ ಕೂತಿದ್ದಾನೆ. ಸತ್ತವನನ್ನು ಹೇಗೆ ಸೇರಿಸಿಕೊಂಡಿರಿ ಎಂದು ವಿಶ್ವಾರಾಧ್ಯರನ್ನು ಕೇಳಿದೆ. “ಉಳಿದ್ರಾ ಇಲ್ವಾ ಅಂತ ಅದ್ರಲ್ಲಿ ಕಾಲಮ್ಮೇ ಇಲ್ಲ ಗಂಗಪ್ಪ, ನಾನೇನ್ ಮಾಡ್ಲಿ” ಎಂದರು. ಮನುಷ್ಯ ಕೆಟ್ಟವರಲ್ಲ, ನಿಜವಾಗಿಯೂ ಕಾಲಮ್ಮು ಇರಲಿಲ್ಲ. ಆ ಒಂದಕ್ಕೇ ಈಗ ಶಾಲು.

ಆಹ್ವಾನ ಪತ್ರಿಕೆಯನ್ನು ತಮ್ಮ ಕಚೇರಿಯವರು ಅಂಗಡಿಗೆ ತಂದಾಗ ನಾನಿರಲಿಲ್ಲ. ಮುನೇಶನ ಮಗಳು ಸಂಧ್ಯಾ ಇದ್ದಳು. ಬಿ.ಕಾಂ. ಕೊನೆಯ ವರ್ಷ. ಅಪ್ಪ ಹೋದ ಮೇಲೆ ಬೆಳಿಗ್ಗೆ ಕಾಲೇಜಿಗೆ ಹೋಗುವವರೆಗೂ ಅಂಗಡಿಯನ್ನು ಅವಳೇ ನೋಡಿಕೊಳ್ಳುತ್ತಾಳೆ. ಹನ್ನೊಂದನೇ ದಿನದ ಕಾರ್ಯಕ್ಕೆ ಆ ಗಗನಾ ಚಾಮರಾಜಪೇಟೆಯಲ್ಲಿರುವ ಮುನೇಶನ ಮನೆಗೆ ಬಂದಿದ್ದಳು, ತಾನು ಇನ್ನೂ ಜೋರಾಗಿ ಹೇಳಬೇಕಾಗಿತ್ತು ಎಂದು ಅತ್ತು ಹೋಗಿದ್ದಳು. ತಪ್ಪು ಮಾಡದವಳು ಅವಳೊಬ್ಬಳೇ, ಅತ್ತವಳೂ ಅವಳೇ. ಹಾಗಾಗಿ ಸಂಧ್ಯಾಳಿಗೆ ಎಲ್ಲವೂ ಗೊತ್ತಿತ್ತು. ಇಷ್ಟು ದಿನ ಏನೂ ಕೇಳಿರಲಿಲ್ಲ. ತಮ್ಮ ಪತ್ರಿಕೆ ಓದಿದ ಮೇಲೆ ಕೇಳಿದಳು.

“ದೊಡ್ಡಪ್ಪ, ಒಂದೇ ಒಂದು ಕೇಳ್ತೀನಿ. ಬಾಯಿಗೆ ಏನೂ ಹಾಕ್ಬಾರ್ದು ಅಂತ ಆ ಕ್ಯಾಂಪಲ್ಲಿ ಹೇಳ್ಕೊಟ್ಟಿದ್ರಾ?”

“ಇಲ್ಲಮ್ಮ. ಏನೂ ಹೇಳ್ಕೊಡ್ಲಿಲ್ಲ.”

“ಮತ್ತೆ ಆ ಅಕ್ಕ ಹೇಳ್ದಾಗ ಗೊತ್ತೈತೆ ಅಂದ್ರಂತೆ ನೀವು.”

ಅವಳು ಪತ್ರಿಕೆಯನ್ನು ಮಡಿಸಿ ನನ್ನ ಕೈಗಿಟ್ಟು, “ಹೋಗ್ಬನ್ನಿ, ಸನ್ಮಾನ ಮಾಡ್ತಾರಂತೆ” ಎಂದಳು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ತೂಕದ ಕಲ್ಲು ಬೇಕಾದರೆ ಹಲಗೆಯ ಈಚೆಗೆ ಕೈ ಚಾಚಿದರೆ ಸಿಗುತ್ತದೆ. ಅವಳು ದಾರಿ ದಾಟಿ ಹೋಗಿ ಪಿಳ್ಳಮ್ಮನ ಹತ್ತಿರ ಇಸಿದುಕೊಂಡು ಬರುತ್ತಾಳೆ. ನಾನು ನನ್ನ ಹುರುಳಿಕಾಯಿಯ ನಾರು ನೋಡುತ್ತಾ ಕೂತಿರುತ್ತೇನೆ.

ತಾವೀಗ ಏನನ್ನುತ್ತೀರೆಂದು ನನಗೆ ಗೊತ್ತು. ಸಹಿ ಮಾಡಿಸಿದವನು ನೀನೇ ಅಲ್ಲವೇನಯ್ಯ ಎನ್ನುತ್ತೀರಿ. ಹೌದು, ನಾನೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವರು ಇಲ್ಲಿ ಇಬ್ಬರಿದ್ದೇವೆ, ನಾನು ಮುಟ್ಟಿ ನೋಡಿಕೊಂಡಾಯಿತು. ಕಲಿಯದೆ ಸಹಿ ಹಾಕಬಾರದು ಎಂದು ನನ್ನ ತಮ್ಮನಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ, ತಮಗಂತೂ ಹೊಳೆಯುವ ಪ್ರಶ್ನೆಯೇ ಇಲ್ಲ. ಪರವಾನಗಿ ಉಳಿದರೆ ಸಾಕು, ಮಿಕ್ಕಿದ್ದು ಹಾಳಾಗಿಹೋಗಲಿ ಎಂದುಕೊಂಡೆ. ಪರವಾನಗಿ ಉಳಿಯಿತು. ಹಾಳೆಯಲ್ಲಿದ್ದ ವ್ಯಾಪಾರಿಗಳೆಲ್ಲರದೂ ನವೀಕರಣವಾಗಿದೆ, ಮುನೇಶನದು ಕೂಡ. ಅವನು ಸತ್ತ ಎರಡು ವಾರಕ್ಕೆ ಬಂತು.

ಹಾಗಾದರೆ ನನಗೇನು ಬೇಕು? ಪರಿಹಾರ ಬೇಡ, ತಮ್ಮ ಅಮಾನತ್ತೂ ಬೇಡ. ತಮ್ಮ ಜಾಗಕ್ಕೆ ಬರುವವರೂ ಫೋಟೋಗೆ ನಿಲ್ಲುವವರೇ. ನನ್ನ ಪ್ರಮಾಣಪತ್ರ ರದ್ದಾಗಬೇಕು. ಜೊತೆಗೆ ಉಳಿದ ಎಂಬತ್ತೈದೂ ರದ್ದಾಗಬೇಕು, ಏಕೆಂದರೆ ಇವತ್ತು ಬೆಳಿಗ್ಗೆಯೂ ನಮ್ಮ ಮಾರುಕಟ್ಟೆಯಲ್ಲಿ ಏನೂ ಗೊತ್ತಿಲ್ಲದ ಪ್ರಮಾಣಿತರು ಕೂತಿದ್ದಾರೆ, ಯಾರೋ ಒಬ್ಬರು ಬಿದ್ದೇ ಬೀಳುತ್ತಾರೆ, ಗೇಟಿನ ಬಳಿ ಸೋಡಾ ಅಂಗಡಿಯೂ ಇದೆ. ತಮ್ಮ ವರದಿಯಲ್ಲಿ ‘ತರಬೇತಿ ಹೊಂದಿದ’ ಎಂಬ ಪದ ಹೊಡೆದುಹಾಕಿ ‘ತರಬೇತಿ ನಡೆದಿರುವುದಿಲ್ಲ’ ಎಂದು ತಮ್ಮ ಕೈಬರಹದಲ್ಲಿ ಬರೆಯಬೇಕು. ಸಾಧನೆಯ ಪಟ್ಟಿಯಿಂದ ನನ್ನ ತಮ್ಮನನ್ನು ಬಿಡಿಸಿ ಕಳಿಸಬೇಕು. ಆಮೇಲೆ ಆ ಹೆಣ್ಣುಮಗಳನ್ನು ಗೊಂಬೆಯ ಸಮೇತ ಮತ್ತೆ ಕರೆಸಿ, ಮುಖ್ಯ ಅತಿಥಿಗಳಿಲ್ಲದೆ, ಹಾರವಿಲ್ಲದೆ, ಮಧ್ಯಾಹ್ನ ವ್ಯಾಪಾರವಿಲ್ಲದ ಹೊತ್ತಿನಲ್ಲಿ. ಕುರ್ಚಿ ನಾನು ಹಾಕಿಸುತ್ತೇನೆ. ಬಾರದವರ ಸಹಿಯನ್ನು ಈ ಸಲ ಮಾಡಿಸುವುದಿಲ್ಲ.

ಇದಾವುದೂ ಹದಿನಾಲ್ಕನೇ ತಾರೀಖಿನೊಳಗೆ ಆಗದಿದ್ದರೆ ನಾನು ಸಮಾರಂಭಕ್ಕೆ ಬರುತ್ತೇನೆ. ಹೆಸರು ಕರೆದಾಗ ವೇದಿಕೆ ಹತ್ತುತ್ತೇನೆ, ಆದರೆ ಕುರ್ಚಿಯಲ್ಲಿ ಕೂರುವುದಿಲ್ಲ. ತಮ್ಮ ಕಾಲ ಬಳಿ ಅಂಗಾತ ಮಲಗುತ್ತೇನೆ. ಪ್ರಮಾಣಪತ್ರಗಳ ರಿಜಿಸ್ಟರು ನಾನು ನೋಡಿದ್ದೇನೆ, ಅದರಲ್ಲಿ ಎರಡನೆಯದು ನನ್ನದು, ಮೊದಲನೆಯದು ತಮ್ಮದು. ತಾವೂ ತರಬೇತಿ ಪಡೆದವರೇ. ಬಿದ್ದವನಿಗೆ ಮೊದಲು ಏನು ಮಾಡಬೇಕೆಂದು ಅಲ್ಲೇ, ಎಲ್ಲರೆದುರಿಗೆ ನನ್ನ ಮೇಲೆ ಮಾಡಿ ತೋರಿಸಿ. ಈ ಪತ್ರದಲ್ಲಿ ಉತ್ತರ ಎರಡು ಮೂರು ಸಲ ಬಂದಿದೆ, ಆದರೆ ತಾವು ನಮ್ಮ ಪತ್ರಗಳನ್ನು ಓದುವವರಲ್ಲ. ಕೈ ಬಾರದಿದ್ದರೆ ಮೈಕು ತೆಗೆದುಕೊಂಡು, ಸಂಧ್ಯಾ ಸಭೆಯಲ್ಲಿ ಎಲ್ಲಿ ಕೂತಿದ್ದಾಳೆಂದು ಹುಡುಕಿ, “ನಿನ್ನ ದೊಡ್ಡಪ್ಪನಿಗೆ ನಾವು ಏನೂ ಕಲಿಸಿರಲಿಲ್ಲಮ್ಮ” ಎಂದು ಹೇಳಿ. ಅವಳನ್ನು ಕರೆದಿದ್ದೇನೆ, ಅಂದರೆ ಅವಳಿಗೆ ಕೇಳುವಂತೆ ಪಿಳ್ಳಮ್ಮನಿಗೆ ಹೇಳಿದ್ದೇನೆ. ತಾವು ಅಷ್ಟು ಒಪ್ಪಿಕೊಂಡರೆ ತಮ್ಮ ಪಾಲಿನದು ಮುಗಿಯಿತು. ಗೊತ್ತಿಲ್ಲದಿದ್ದರೂ ಗೊತ್ತಿದೆ ಎಂದದ್ದು ಯಾಕೆ ಎಂಬುದಕ್ಕೆ ಅವಳಿಗೆ ನಾನು ಉತ್ತರ ಹೇಳಬೇಕು. ಇನ್ನೂ ಹೇಳಲಾಗಿಲ್ಲ.

ಇಂತಿ,
ತಮ್ಮ ರಿಜಿಸ್ಟರಿನಲ್ಲಿ ಜೀವ ಉಳಿಸಬಲ್ಲವನೆಂದು ದಾಖಲಾಗಿರುವ
ಮುನಿಗಂಗಪ್ಪ,
ಮುನೇಶನ ಅಣ್ಣ